ಯಲ್ಲಾಪುರ ಲೈನಿನಲ್ಲಿ ಓದಿದ ಮಳೆಗಾಲ

ಹೋದ ತಿಂಗಳು ಶಿರಸಿಯಿಂದ ಯಲ್ಲಾಪುರಕ್ಕೆ ಕಾರಿನಲ್ಲಿ ಹೋಗುತ್ತಿದ್ದೆವು. ಮಂಚಿಕೇರಿ ದಾಟಿದ ಮೇಲೆ ಒಂದು ತಿರುವಿನಲ್ಲಿ ಹಳೆಯ ಟೆಲಿಫೋನ್ ಕಂಬ ಕಂಡಿತು. ತಂತಿ ಇರಲಿಲ್ಲ. ತುದಿಯಲ್ಲಿ ಪಿಂಗಾಣಿಯ ಎರಡು ಬಿಳಿ ಬಟ್ಟಲು ಮಾತ್ರ ಉಳಿದಿದ್ದವು. ಬುಡದಿಂದ ಬಳ್ಳಿ ಹತ್ತಿ ಅರ್ಧ ಕಂಬವನ್ನು ಮುಚ್ಚಿತ್ತು. ಕಾರು ನಿಲ್ಲಿಸಲು ಹೇಳಿದೆ. ಪಕ್ಕದಲ್ಲಿದ್ದ ಅಣ್ಣನ ಸೊಸೆ, "ಏನಾತ್ರೀ ಅತ್ತಿ?" ಎಂದಳು. ಏನಿಲ್ಲ ಎಂದೆ. ಈ ಕಂಬದ ಮೇಲೆ ಹೋಗುತ್ತಿದ್ದ ತಂತಿಯಲ್ಲಿ ನಾನು ಒಂದು ಮಳೆಗಾಲ ಪೂರ್ತಿ ಓದಿದ್ದೆ ಎಂದರೆ ಅವಳಿಗೆ ಅದನ್ನು ಬಿಡಿಸಿ ಹೇಳಲು ಬಹಳ ಹೊತ್ತು ಬೇಕಾಗುತ್ತಿತ್ತು.

ಅರವತ್ತರ ದಶಕದ ನಡುವಿನ ಮಾತು. ನಾನಾಗ ಶಿರಸಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ವಯಸ್ಸು ಇಪ್ಪತ್ಮೂರು. ನಮ್ಮದು ಬನವಾಸಿ ಕಡೆಯ ಊರು. ಅಪ್ಪ ಕಾಳುಕಡಿ, ಮೆಣಸಿನಕಾಯಿ ವ್ಯಾಪಾರ ಮಾಡುತ್ತಿದ್ದ. ಹಟ ಹಿಡಿದು ನನ್ನನ್ನು ಹುಬ್ಬಳ್ಳಿಯಲ್ಲಿಟ್ಟು ಬಿ.ಕಾಂ. ಓದಿಸಿದ್ದೂ ಅವನೇ. ನಾನು ಕಡೆಯ ವರ್ಷದಲ್ಲಿದ್ದಾಗ ಅವನು ತೀರಿಕೊಂಡ. ಅಂಗಡಿ ಅಣ್ಣ ಬಸಣ್ಣನ ಕೈಗೆ ಬಂತು. ಅಂಗಡಿಯ ಹಣದ ಗಲ್ಲೆಯ ಹತ್ತಿರ ಹೆಣ್ಣುಮಗಳು ಕೂರುವುದು ಅವನಿಗೆ ಸರಿ ಕಾಣಲಿಲ್ಲ. ಟೆಲಿಫೋನ್ ಇಲಾಖೆಯ ನೌಕರಿ ಬಂದಾಗ ಮಾತ್ರ ಅವನು ಬೇಡ ಅನ್ನಲಿಲ್ಲ.

ಬೋರ್ಡಿನ ಕೆಲಸ ನನಗೆ ಬೇಗ ಹಿಡಿಯಿತು. ಯಾರಾದರೂ ಮನೆಯಲ್ಲಿ ಫೋನಿನ ಹಿಡಿಕೆ ತಿರುಗಿಸಿದರೆ ನಮ್ಮ ಬೋರ್ಡಿನ ಮೇಲೆ ಅವರ ನಂಬರಿನ ಸಣ್ಣ ತಗಡು ಕೆಳಗೆ ಬೀಳುತ್ತಿತ್ತು. ಅಲ್ಲಿಗೆ ಪ್ಲಗ್ಗು ಚುಚ್ಚಿ ಯಾರು ಬೇಕು ಎಂದು ಕೇಳಿ ಕೂಡಿಸಿಕೊಡಬೇಕು. ಮಾತು ಸರಿಯಾಗಿ ಹೋಗುತ್ತಿದೆಯೇ ಎಂದು ಒಂದು ಗಳಿಗೆ ಕಿವಿಗೊಟ್ಟು ಬಿಡಬೇಕು. ಆ ಒಂದೊಂದು ಗಳಿಗೆಯಲ್ಲೇ ನನಗೆ ಪೇಟೆ ಪೂರ್ತಿ ತಿಳಿಯುತ್ತಿತ್ತು. ಅಡಿಕೆ, ಕಾಳುಮೆಣಸು, ಏಲಕ್ಕಿ. ಬೊಂಬಾಯಿಯ ದರ, ಕಾನ್ಪುರದ ದರ. ಯಾರು ಅಂಜಿ ಮಾರುತ್ತಾರೆ, ಯಾರು ತಡೆದು ನಿಲ್ಲುತ್ತಾರೆ. ಇಂಥ ಕಡೆ ನಾನಾಗಿದ್ದರೆ ಹೀಗೆ ಹೇಳುತ್ತಿದ್ದೆ ಎಂದು ಮನಸ್ಸಿನಲ್ಲೇ ಅವರಿಗೆ ಉತ್ತರ ಕೊಡುತ್ತಿದ್ದೆ. ಹಾಗೆ ದಿನವಿಡೀ ಇಡೀ ಊರಿಗೆ ಮಾತು ಕೂಡಿಸಿಕೊಟ್ಟು ಕೋಣೆಗೆ ಹೋದರೆ ನನ್ನ ಜೊತೆ ಮಾತಾಡುವವರು ಯಾರೂ ಇರಲಿಲ್ಲ. ಮನೆಯೊಡತಿ ಗೌರಕ್ಕನಿಗೆ ಕಿವಿ ಮಂದ. ಅವಳು ನಗುತ್ತಿದ್ದಳು, ನಾನೂ ನಗುತ್ತಿದ್ದೆ, ಬಾಗಿಲು ಹಾಕಿಕೊಳ್ಳುತ್ತಿದ್ದೆ. ಜೊತೆಯ ಆಪರೇಟರುಗಳು ಊರಿನವರೇ. ಪಾಳಿ ಮುಗಿದರೆ ಅವರಿಗೆ ಮನೆಗೆ ಹೋಗುವ ಆತುರ.

ಮೇ ಕೊನೆಯ ಹೊತ್ತಿಗೆ ಇಂಗ್ಲಿಷ್ ಪತ್ರಿಕೆಯಲ್ಲಿ ಒಂದು ಜಾಹೀರಾತು ಕಂಡೆ. ಬೊಂಬಾಯಿಯಲ್ಲಿ ಹೊಸದಾಗಿ ತೆರೆದ ಒಂದು ಸಂಸ್ಥೆಯಲ್ಲಿ ವ್ಯಾಪಾರ ಆಡಳಿತದ ಎರಡು ವರ್ಷದ ಓದು. ಪದವಿ ಆಗಿರಬೇಕು, ಮೂವತ್ತು ದಾಟಿರಬಾರದು, ಪ್ರವೇಶ ಪರೀಕ್ಷೆ ಬರೆಯಬೇಕು. ಹೆಂಗಸರಿಗೆ ಇಲ್ಲ ಎಂದು ಎಲ್ಲೂ ಬರೆದಿರಲಿಲ್ಲ. ಆ ಜಾಹೀರಾತನ್ನು ಮತ್ತೆ ಮತ್ತೆ ಓದಿದ್ದು ಅದನ್ನೇ ಖಾತ್ರಿ ಮಾಡಿಕೊಳ್ಳಲು. ಆಗಸ್ಟ್ ಮಧ್ಯದಲ್ಲಿ ಧಾರವಾಡದಲ್ಲಿ ಪರೀಕ್ಷೆ. ಅರ್ಜಿ ಹಾಕಿ ಊರಿಗೆ ಹೋಗಿ ಅಣ್ಣನಿಗೆ ಹೇಳಿದೆ.

"ರಾಣೆಬೆನ್ನೂರಿನ ಅರಿವೆ ಅಂಗಡಿಯವರು ನಿನ್ನ ಕೇಳ್ಯಾರ," ಎಂದ ಅವನು. "ಒಳ್ಳೆ ಮಂದಿ. ದೀಪಾವಳಿ ತನಕಾ ತಡೀತೀನಂತ ಹೇಳೇನಿ. ಪರೀಕ್ಷಾ ಬರಿ, ನಾ ಬ್ಯಾಡನ್ನೂದಿಲ್ಲ. ಪಾಸಾದ್ರ ಹೋಗು. ಆಗ್ಲಿಲ್ಲಂದ್ರ ಮತ್ತ ಇನ್ನೊಮ್ಮೆ ಬರೀತೀನಿ ಅನ್ನಬಾರ್ದು."

"ಅನ್ನೂದಿಲ್ಲ," ಎಂದೆ.

ಅವ್ವ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಳು. ಬಸ್ಸಿಗೆ ಹೊರಟಾಗ ರೊಟ್ಟಿಯ ಗಂಟು ಕೊಟ್ಟು, "ಕಣ್ಣ ಕೆಡಿಸ್ಕೋಬ್ಯಾಡ ನೀಲಾ," ಎಂದಳು. ಅಷ್ಟೇ.

ಶಿರಸಿಗೆ ಬಂದು ಪರೀಕ್ಷೆಯ ತನಕ ಉಳಿದ ವಾರಗಳಿಗೆ ಒಂದು ವೇಳಾಪಟ್ಟಿ ಮಾಡಿದೆ. ಮೊದಲ ಭಾಗ ಲೆಕ್ಕಕ್ಕೆ, ಆಮೇಲೆ ಇಂಗ್ಲಿಷಿಗೆ, ಕಡೆಯ ವಾರ ಹೊತ್ತು ನೋಡಿಕೊಂಡು ಪೂರ್ತಿ ಪ್ರಶ್ನೆಗಳನ್ನು ಬಿಡಿಸುವುದಕ್ಕೆ. ಹೇಳಿಕೊಡುವವರು ಇರಲಿ, ಇಂಥ ಪರೀಕ್ಷೆ ಇದೆ ಎಂದು ಕೇಳಿದವರೂ ಶಿರಸಿಯಲ್ಲಿ ಸಿಗಲಿಲ್ಲ. ಹುಬ್ಬಳ್ಳಿಯ ಗೆಳತಿಯೊಬ್ಬಳು ಹಳೆ ಪುಸ್ತಕದ ಅಂಗಡಿಯಲ್ಲಿ ಹುಡುಕಿ ಒಂದು ದಪ್ಪ ಪುಸ್ತಕ ಕಳಿಸಿದಳು. ಪ್ರಶ್ನೆಗಳು ಬೇಕಾದಷ್ಟಿದ್ದವು. ಉತ್ತರಗಳಿದ್ದ ಕೊನೆಯ ಪುಟಗಳನ್ನು ಯಾರೋ ಕಿತ್ತುಕೊಂಡಿದ್ದರು.

ಮೊದಲ ಕೆಲವು ದಿನ ಉತ್ಸಾಹವಿತ್ತು. ಆಮೇಲೆ ಲೆಕ್ಕ ಬಿಡಿಸಿ ಸರಿಯೋ ತಪ್ಪೋ ತಿಳಿಯದೆ ಮುಂದಿನದಕ್ಕೆ ಹೋಗುವುದು ಕಷ್ಟವಾಗತೊಡಗಿತು. ಇಡೀ ಪುಟ ಮುಗಿಸಿದರೂ ಏನೂ ಮಾಡಿದಂತೆ ಅನ್ನಿಸುತ್ತಿರಲಿಲ್ಲ. ಪುಸ್ತಕವನ್ನು ಎಕ್ಸ್‌ಚೇಂಜಿಗೂ ಒಯ್ಯುತ್ತಿದ್ದೆ. ಊಟದ ಹೊತ್ತು ಕಳೆದು ಪೇಟೆ ಮತ್ತೆ ಎಚ್ಚರಾಗುವ ತನಕ ಬೋರ್ಡು ಸದ್ದಿಲ್ಲದೆ ಇರುತ್ತಿತ್ತು.

ಅಂಥ ಒಂದು ಮಧ್ಯಾಹ್ನ ಯಲ್ಲಾಪುರದಿಂದ ಲೈನ್ ಪರೀಕ್ಷೆಯ ಕರೆ ಬಂತು. ಯಲ್ಲಾಪುರದ್ದು ಸಣ್ಣ ಬೋರ್ಡು. ಅಲ್ಲಿಯ ಅಂಚೆ ಕಚೇರಿಯ ಗುಮಾಸ್ತರೇ ನೋಡಿಕೊಳ್ಳುತ್ತಿದ್ದರು. ಅವರ ಹೆಸರು ಭಟ್ಟರು ಎಂದು ಗೊತ್ತಿತ್ತು, ಮುಖ ನೋಡಿರಲಿಲ್ಲ. ಲೈನಿನಲ್ಲಿ ಅವರು ನನಗೆ ಯಲ್ಲಾಪುರ, ನಾನು ಅವರಿಗೆ ಶಿರಸಿ. ಹುರುಪಿನ, ತಿಳಿಯಾದ ಧ್ವನಿ. ನನ್ನದೇ ವಯಸ್ಸು ಇರಬಹುದು ಎಂದುಕೊಂಡಿದ್ದೆ.

"ಎಂತ ಶಿರಸಿ, ಧ್ವನಿ ಸಣ್ಣ ಆಯ್ದಲ. ಲೈನೋ, ನೀವೋ?" ಎಂದರು.

"ಲೈನ್ ಚೊಲೋ ಐತ್ರಿ," ಎಂದೆ. ಆಮೇಲೆ ಅದು ಹೇಗೆ ಬಾಯಿಗೆ ಬಂತೋ, "ಯಲ್ಲಾಪುರ, ನಿಮಗ ಲೆಕ್ಕ ಬರ್ತಾವೇನ್ರಿ?" ಎಂದು ಕೇಳಿದೆ.

"ಎಂತ ಲೆಕ್ಕ?"

"ಒಬ್ಬ ಅಂಗಡಿಕಾರ ಅಸಲಿನ ಮ್ಯಾಲೆ ನೂರಕ್ಕ ಇಪ್ಪತ್ತೈದು ಏರಿಸಿ ದರ ಬರೀತಾನ. ಗಿರಾಕಿಗೆ ಆ ದರದಾಗ ನೂರಕ್ಕ ಇಪ್ಪತ್ತು ಬಿಡತಾನ. ಲಾಭ ಎಷ್ಟು?"

ಸ್ವಲ್ಪ ಹೊತ್ತು ತಂತಿಯ ಗುಂಯ್ ಸದ್ದು. "ಐದು," ಎಂದರು.

"ನನಗ ಏನೂ ಇಲ್ಲ ಅಂತ ಬಂದೈತ್ರಿ." ನೂರು ನೂರಿಪ್ಪತ್ತೈದಾಗಿ, ಅದರಲ್ಲಿ ಇಪ್ಪತ್ತೈದು ಹೋಗಿ ಮತ್ತೆ ನೂರಕ್ಕೇ ಬಂದು ನಿಲ್ಲುವುದನ್ನು ವಿವರಿಸಿದೆ. ಹೇಳುತ್ತ ಹೇಳುತ್ತ ನನ್ನ ಉತ್ತರವೇ ಸರಿ ಎಂದು ಗಟ್ಟಿಯಾಯಿತು.

"ಹಂಗಾದ್ರೆ ಅಂವ ಅಂಗಡಿ ಎಂತಕ್ಕೆ ಇಟ್ಟ ಮಾರಾಯ್ತಿ?" ಎಂದರು ಯಲ್ಲಾಪುರ. ಶಿರಸಿಗೆ ಬಂದ ಮೇಲೆ ನಾನು ಬಾಯ್ತುಂಬ ನಕ್ಕಿದ್ದು ಅದೇ ಮೊದಲು.

ಇದೆಲ್ಲ ಯಾತಕ್ಕೆ ಎಂದು ಕೇಳಿದಾಗ ಪರೀಕ್ಷೆಯ ವಿಷಯ ಹೇಳಿದೆ. ಉತ್ತರದ ಪುಟಗಳು ಇಲ್ಲದ್ದನ್ನೂ, ಒಬ್ಬಳೇ ಓದುವುದು ನನ್ನಿಂದ ಆಗುವಂತೆ ಕಾಣುವುದಿಲ್ಲ ಎಂಬುದನ್ನೂ ಹೇಳಿದೆ. ಅವರು ತಡೆದು ತಡೆದು, "ಆ ಜಾಹೀರಾತು ಇಲ್ಲಿಗೂ ಬಂದಿತ್ತು. ನಾನೂ ಅರ್ಜಿ ಹಾಕೂದು ಅಂತ ಮಾಡಿದ್ದೆ," ಎಂದರು. "ಇಬ್ಬರೂ ಬಿಡಿಸೂದು. ಉತ್ತರ ಒಂದೇ ಬಂದ್ರೆ ಸರಿ. ಬೇರೆ ಬಂದ್ರೆ ಮತ್ತೆ ನೋಡೂದು. ಅಡ್ಡಿಲ್ಯ?"

ಅಡ್ಡಿಲ್ಲ ಎಂದೆ. ಆ ಸಂಜೆ ಕೋಣೆಗೆ ಹೋಗುವಾಗ ಮಳೆ ಹಿಡಿದಿತ್ತು. ನೆನೆದದ್ದು ಗೊತ್ತಾಗಲೇ ಇಲ್ಲ.

ಹಾಗೆ ಶುರುವಾಯಿತು. ಬೆಳಿಗ್ಗೆ ಲೈನ್ ಪರೀಕ್ಷೆಯ ಹೊತ್ತಿಗೆ ನಾನು ಎರಡು ಮೂರು ಲೆಕ್ಕಗಳನ್ನು ಓದಿ ಹೇಳುತ್ತಿದ್ದೆ, ಅವರು ಬರೆದುಕೊಳ್ಳುತ್ತಿದ್ದರು. ಮಧ್ಯಾಹ್ನ ಉತ್ತರಗಳನ್ನು ತಾಳೆ ನೋಡುತ್ತಿದ್ದೆವು. ನಡುವೆ ತಗಡು ಬಿದ್ದರೆ ಮಾತು ಅಲ್ಲಿಗೇ ಬಿಟ್ಟು ಕೆಲಸ, ಆಮೇಲೆ ಬಿಟ್ಟಲ್ಲಿಂದ ಮುಂದಕ್ಕೆ. ನಿಜ ಹೇಳಬೇಕೆಂದರೆ ಯಲ್ಲಾಪುರಕ್ಕೆ ಲೆಕ್ಕ ಬರುತ್ತಿರಲಿಲ್ಲ. ಪಾಲುದಾರಿಕೆಯ ಲೆಕ್ಕ ಒಂದನ್ನೇ ಮೂರು ದಾರಿಯಲ್ಲಿ ಬಿಡಿಸಿ ಹೇಳಬೇಕಾಗುತ್ತಿತ್ತು. ಇಂಗ್ಲಿಷ್ ಶಬ್ದಗಳಿಗೆ ಅವರು ಹೇಳುತ್ತಿದ್ದ ಅರ್ಥ ಕೇಳಿ ಎಷ್ಟೋ ಸಲ ನಗು ತಡೆದುಕೊಂಡಿದ್ದೇನೆ. ಕೆಲವು ದಿನ ಸಿಟ್ಟೂ ಬಂತು. ನನ್ನ ವೇಳಾಪಟ್ಟಿ ಹಿಂದೆ ಬೀಳುತ್ತಿತ್ತು. ಈ ಮನುಷ್ಯ ಪಾಸಾಗುವುದು ಹೇಗೆ ಎಂಬ ಚಿಂತೆ ಬೇರೆ. ಆದರೆ ಅವರಿಗೆ ಹೇಳಿಕೊಟ್ಟದ್ದು ಒಂದೂ ನನಗೆ ಮರೆಯುತ್ತಿರಲಿಲ್ಲ. ಇದು ಗಮನಕ್ಕೆ ಬಂದದ್ದು ನಿಧಾನವಾಗಿ.

ನಮ್ಮ ಮೇಲಧಿಕಾರಿ ಕಾಮತರು ಒಂದು ದಿನ ಸದ್ದಿಲ್ಲದೆ ಹಿಂದೆ ಬಂದು ನಿಂತಿದ್ದರು. ಕುಮಟೆ ಕಡೆಯವರು, ನಿವೃತ್ತಿಗೆ ಹತ್ತಿರ. ಇಲಾಖೆಯ ಲೈನಿನಲ್ಲಿ ಸ್ವಂತ ಮಾತು ಆಡುವಂತಿಲ್ಲ. ನಾನು ಪ್ಲಗ್ಗು ಎಳೆದು ಎದ್ದು ನಿಂತೆ.

"ಏನದು, ಎರಡು ನಳದ ನೀರು?" ಎಂದರು.

"ಲೆಕ್ಕ ಸರ್. ಪರೀಕ್ಷಾ ಐತ್ರಿ."

ಅವರು ಕನ್ನಡಕ ತೆಗೆದು ಒರೆಸಿದರು. "ಲೈನ್ ಖಾಲಿ ಇದ್ದಾಗ ಮಾತಾಡಿ ಟೆಸ್ಟ್ ಮಾಡಬೇಕು ಅಂತ ನಿಯಮ ಉಂಟು. ಏನು ಮಾತಾಡಬೇಕು ಅಂತ ಬರೆದಿಲ್ಲ," ಎಂದು ತಮ್ಮ ಮೇಜಿಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದಲೇ, "ಕರೆ ಕಾಯಿಸಿದ್ರೆ ಮಾತ್ರ ನಾನು ಸುಮ್ಮನಿರೋದಿಲ್ಲ," ಎಂದರು.

ಜುಲೈಯಲ್ಲಿ ಮಳೆ ಬಿಡುವು ಕೊಡದೆ ಹೊಡೆಯಿತು. ಒಂದು ಬೆಳಿಗ್ಗೆ ಯಲ್ಲಾಪುರಕ್ಕೆ ಪ್ಲಗ್ಗು ಚುಚ್ಚಿದರೆ ಏನೂ ಇಲ್ಲ, ಗುಂಯ್ ಸದ್ದು ಕೂಡ. ಬೇಡ್ತಿ ಹೊಳೆಯ ಆಚೆ ಮರಗಳು ಬಿದ್ದು ಕಂಬಗಳನ್ನೇ ಎಳೆದುಹಾಕಿವೆ, ಲೈನ್‌ಮನ್‌ಗಳು ಹೋಗಿದ್ದಾರೆ, ಇವತ್ತಿಗೆ ನಾಳೆಗೆ ಆಗುವ ಕೆಲಸವಲ್ಲ ಎಂದರು ಕಾಮತರು. ನಾನು ಹಿಂದಿನ ದಿನವಷ್ಟೇ ಎರಡು ನಳದ ಇನ್ನೊಂದು ಲೆಕ್ಕ ಕೊಟ್ಟಿದ್ದೆ. ಒಂದು ನಳ ಆರು ತಾಸಿನಲ್ಲಿ ತೊಟ್ಟಿ ತುಂಬುತ್ತದೆ, ಇನ್ನೊಂದು ಮೂರು ತಾಸಿನಲ್ಲಿ. ಎರಡನ್ನೂ ಬಿಟ್ಟರೆ ಎಷ್ಟು ಹೊತ್ತು? ಅವರು ನಾಲ್ಕೂವರೆ ಎಂದಿದ್ದರು. ಒಂದೇ ನಳಕ್ಕೆ ಮೂರು ಸಾಕಾಗುವಾಗ ಎರಡಕ್ಕೆ ಹೆಚ್ಚು ಹೇಗೆ ಹಿಡಿಯುತ್ತದೆ, ಯೋಚನೆ ಮಾಡ್ರಿ ಎಂದು ಸ್ವಲ್ಪ ಬಿರುಸಾಗಿಯೇ ಹೇಳಿ ಮಾತು ಮುಗಿಸಿದ್ದೆ.

ಲೈನು ಸತ್ತ ಆ ದಿನಗಳಷ್ಟು ಒಂಟಿತನವನ್ನು ನಾನು ಮುಂದೆ ಬೊಂಬಾಯಿಯಲ್ಲೂ ಕಂಡಿಲ್ಲ. ಬೋರ್ಡಿನ ಮುಂದೆ ಊರಿನ ಧ್ವನಿಗಳೆಲ್ಲ ಇದ್ದವು. ಅವು ಯಾವುವೂ ನನಗಾಗಿ ಬಂದವಲ್ಲ. ಪುಸ್ತಕ ತೆರೆದರೆ ಸಾಲುಗಳು ಕಣ್ಣ ಮುಂದೆ ಹೋಗುತ್ತಿದ್ದವು, ತಲೆಗೆ ಇಳಿಯುತ್ತಿರಲಿಲ್ಲ. ಕೋಣೆಯಲ್ಲಿ ಹಾಸಿಗೆಗೂ ಥಂಡಿ ಹಿಡಿದಿತ್ತು. ಗೌರಕ್ಕ ಕೆಂಡದ ಮಡಕೆ ತಂದಿಟ್ಟು, ನನ್ನ ಮುಖ ನೋಡಿ ಏನೋ ಕೇಳಿದಳು. ನಾನು ಏನಿಲ್ಲ ಎಂದು ಗಟ್ಟಿಯಾಗಿ ಕೂಗಬೇಕಾಯಿತು. ಕೂಗಿದ ಮೇಲೆ ಅಳು ಬಂತು. ಒಂದು ಭಾನುವಾರ ಟ್ರಂಕಿನಿಂದ ಒಳ್ಳೆಯ ಸೀರೆಗಳನ್ನು ತೆಗೆದು ಗಾಳಿಗೆ ಹಾಕಿದೆ. ರಾಣೆಬೆನ್ನೂರಿನವರಿಗೆ ಆಗಲಿ ಎಂದುಬಿಟ್ಟರೆ ಎಷ್ಟು ಹಗುರ ಎಂದು ಯೋಚಿಸಿದೆ. ಮರುದಿನ ಊರಿಗೆ ಕಾಗದ ಬರೆಯುವುದು ಎಂದು ಮನಸ್ಸಿನಲ್ಲಿ ಗೊತ್ತು ಮಾಡಿಕೊಂಡೇ ಪಾಳಿಗೆ ಹೋದೆ.

ಕೂತು ಸ್ವಲ್ಪ ಹೊತ್ತಾಗಿತ್ತು, ಯಲ್ಲಾಪುರದ ತಗಡು ಬಿತ್ತು. ಅವಸರಕ್ಕೆ ಪ್ಲಗ್ಗು ಮೊದಲು ಪಕ್ಕದ ನಂಬರಿಗೆ ಹೋಯಿತು.

"ಶಿರಸಿ, ಎರಡು ತಾಸು," ಎಂದಿತು ಆ ಕಡೆಯ ಧ್ವನಿ. ನಮಸ್ಕಾರ ಇಲ್ಲ, ಲೈನ್ ಬಂತು ಎನ್ನುವುದಿಲ್ಲ. "ತಾಸಿಗೆ ಆರರಲ್ಲಿ ಒಂದು ಪಾಲು ಅದರದ್ದು, ಎರಡು ಪಾಲು ಇದರದ್ದು. ಕೂಡಿದ್ರೆ ಅರ್ಧ ತೊಟ್ಟಿ. ಎರಡು ತಾಸಿಗೆ ಪೂರ್ತಿ. ಸರಿಯೋ ಅಲ್ದೋ ಹೇಳಿ ಮೊದಲು."

"ಸರಿ ಐತ್ರಿ," ಎಂದೆ. ಸೆರಗಿನಿಂದ ಮೂಗು ಒರೆಸಿಕೊಂಡದ್ದು ಅವರಿಗೂ ಕೇಳಿಸಿರಬೇಕು.

"ಎಂತ ಆತು?"

"ಏನಿಲ್ರಿ. ಮುಂದಿನ ಲೆಕ್ಕ ಬರ್ಕೊಳ್ರಿ."

ಕಾಗದ ಬರೆಯಲಿಲ್ಲ. ಉಳಿದ ವಾರಗಳಲ್ಲಿ ಹಿಂದೆ ಬಿದ್ದದ್ದನ್ನೆಲ್ಲ ಮುಗಿಸಿದೆವು. ಪರೀಕ್ಷೆಯ ದಿನ ಧಾರವಾಡದಲ್ಲಿ, ಕಾಲೇಜಿನ ಮುಖ್ಯ ಬಾಗಿಲ ಬಳಿ, ಗಂಟೆ ಹೊಡೆಯುವ ಮುಂಚೆ ಭೇಟಿಯಾಗುವುದು ಎಂದು ಮಾತಾಯಿತು. "ನಿಮ್ಮನ್ನ ಹೆಂಗ ಗುರುತು ಹಿಡೀಲಿ?" ಎಂದು ಕೇಳಿದ್ದಕ್ಕೆ, "ಮಾತಾಡಿದ್ರೆ ಗೊತ್ತಾಗ್ತದಲ," ಎಂದರು.

ನಾನು ಹಿಂದಿನ ದಿನವೇ ಧಾರವಾಡಕ್ಕೆ ಹೋಗಿ ದೂರದ ನೆಂಟರ ಮನೆಯಲ್ಲಿ ಉಳಿದೆ. ಬೆಳಿಗ್ಗೆ ಬೇಗ ಹೋಗಿ ಬಾಗಿಲ ಬಳಿ ನಿಂತೆ. ಪ್ಯಾಂಟು ಕೋಟಿನ ಹುಡುಗರು ಗುಂಪು ಗುಂಪಾಗಿ ಬಂದರು. ಹೆಣ್ಣೆಂದರೆ ನಾನೊಬ್ಬಳೇ. ಒಬ್ಬಂಟಿಯಾಗಿ ಬಂದ ಪ್ರತಿಯೊಬ್ಬನ ಹತ್ತಿರವೂ ಹೋಗಿ, "ಯಲ್ಲಾಪುರದವ್ರೇನ್ರಿ?" ಎಂದು ಕೇಳಿದೆ. ಕೆಲವರು ಇಲ್ಲ ಎಂದರು, ಕೆಲವರು ನಕ್ಕರು. ಗಂಟೆ ಹೊಡೆಯಿತು. ಕಡೆಯವಳಾಗಿ ಒಳಗೆ ಹೋದೆ. ಗೋಡೆಗೆ ಹಚ್ಚಿದ ಹೆಸರುಗಳಲ್ಲಿ ಭಟ್ಟ ಎನ್ನುವವರೇ ಇರಲಿಲ್ಲ.

ಪ್ರಶ್ನೆಪತ್ರಿಕೆ ಕಠಿಣವಾಗಿತ್ತು. ಆದರೂ ಒಂದೊಂದು ಲೆಕ್ಕಕ್ಕೂ ಆ ಧ್ವನಿ, ಹಂಗಂದ್ರೆ ಎಂತ, ಹೆಂಗೆ ಬಂತು ಎಂದು ಕೇಳುತ್ತಲೇ ಇತ್ತು. ನಾನು ಅದಕ್ಕೆ ಹೇಳುತ್ತ ಹೇಳುತ್ತ ಬರೆದೆ.

ಮರಳಿ ಬಂದ ದಿನ ಬೆಳಿಗ್ಗೆ ಲೈನಿಗೆ ಬಂದು, "ಹೆಂಗಾತು ಶಿರಸಿ?" ಎಂದರು.

"ಯಾಕ ಬರ್ಲಿಲ್ರಿ?"

"ಬದಲಿಗೆ ಜನ ಸಿಗ್ಲಿಲ್ಲೆ. ಬೋರ್ಡು ಬಿಟ್ಟು ಹೆಂಗೆ ಬರೂದು?"

"ಅಲ್ಲಿ ನಿಮ್ಮ ಹೆಸರಽ ಇರ್ಲಿಲ್ಲ."

ನಾನು ಪ್ಲಗ್ಗು ತೆಗೆದೆ. ಆಮೇಲೆ ಎರಡು ತಿಂಗಳು ನಮ್ಮ ನಡುವೆ ಕೆಲಸದ ಮಾತು ಮಾತ್ರ. ನಂಬರು ಕೊಡಿ, ಲೈನ್ ಖಾಲಿ ಇಲ್ಲ, ಮೂರು ನಿಮಿಷ ಆಯಿತು. ಅವರು ಒಂದೆರಡು ಸಲ ಏನೋ ಹೇಳಲು ಹೊರಟರು. ನಾನು ಅವಕಾಶ ಕೊಡಲಿಲ್ಲ. ಮಧ್ಯಾಹ್ನ ಬೋರ್ಡು ಸುಮ್ಮನಾದಾಗ ಇಬ್ಬರೂ ಅತ್ತ ಇತ್ತ ತುದಿಯಲ್ಲಿ ಕೂತಿರುತ್ತಿದ್ದೆವು ಎಂಬುದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು.

ಬೊಂಬಾಯಿಯಿಂದ ಸಂದರ್ಶನಕ್ಕೆ ಕರೆ ಬಂತು. ಬಸಣ್ಣನೇ ಜೊತೆಗೆ ಬಂದ. ಉದ್ದ ಮೇಜಿನ ಸುತ್ತ ಹುಡುಗರೊಂದಿಗೆ ಕೂರಿಸಿ, ಸರಕಿನ ದರ ಬಿದ್ದಾಗ ವ್ಯಾಪಾರಿ ಏನು ಮಾಡಬೇಕು ಎಂದು ಚರ್ಚೆ ಮಾಡಿ ಎಂದರು. ಅವರ ಇಂಗ್ಲಿಷ್ ಕೇಳಿಯೇ ನನ್ನ ಬಾಯಿ ಕಟ್ಟಿತ್ತು. ಕಡೆಗೆ ಒಬ್ಬ, ಎಲ್ಲ ವ್ಯಾಪಾರಿಗಳೂ ಕೂಡಲೇ ಮಾರುತ್ತಾರೆ ಎಂದಾಗ ತಡೆಯಲಾಗಲಿಲ್ಲ. ಇಲ್ಲ, ಮಾರುವುದಿಲ್ಲ ಎಂದು ಶುರುಮಾಡಿ, ಶಿರಸಿಯ ಪೇಟೆಯ ಬಗ್ಗೆ ನನಗೆ ಗೊತ್ತಿದ್ದುದನ್ನು ಹೇಳಿದೆ. ಇಂಗ್ಲಿಷ್ ಎಡವಿತು, ಮಾತು ನಿಲ್ಲಲಿಲ್ಲ. ಕೆಲವು ದಿನಗಳಲ್ಲಿ ಆಯ್ಕೆಯಾದ ಟೆಲಿಗ್ರಾಂ ಬಂತು. ಬಸಣ್ಣ ಅದನ್ನು ತಾನೇ ಓದಿ ಅವ್ವನಿಗೆ ಹೇಳಿದ. "ಮಾತಂದ್ರ ಮಾತು," ಎಂದು ನನಗೆ ಹೇಳಿ, ರಾಣೆಬೆನ್ನೂರಿಗೆ ತಾನೇ ಹೋಗಿ ಕೈಮುಗಿದು ಬಂದ.

ಶಿರಸಿ ಬಿಡುವ ದಿನ ಕಾಮತರು ಬಸ್ ನಿಲ್ದಾಣದ ತನಕ ಬಂದರು. ಬೊಂಬಾಯಿಯ ರೈಲಿಗೆ ಹುಬ್ಬಳ್ಳಿಗೆ ಹೋಗಬೇಕಿತ್ತು. ಹತ್ತಿರದ ದಾರಿಯ ಬಸ್ಸು ಮುಂಡಗೋಡದ ಮೇಲೆ ಹೋಗುತ್ತಿತ್ತು. ನಾನು ಯಲ್ಲಾಪುರದ ಮೇಲೆ ಹೋಗುವ ಬಸ್ಸಿನ ಮುಂದೆ ನಿಂತದ್ದನ್ನು ನೋಡಿ ಅವರು ಏನೂ ಕೇಳಲಿಲ್ಲ.

ಯಲ್ಲಾಪುರದಲ್ಲಿ ಚಹಾಕ್ಕೆಂದು ಬಸ್ಸು ನಿಂತಿತು. ಅಂಚೆ ಕಚೇರಿ ಹತ್ತಿರವೇ ಇತ್ತು. ಒಳಗೆ ಬೋರ್ಡಿನ ಮುಂದೆ ಒಬ್ಬರು ಬೆನ್ನು ಮಾಡಿ ಕೂತಿದ್ದರು. ಗಿಡ್ಡ ಆಳು, ತಲೆ ಮುಕ್ಕಾಲು ನೆರೆತಿತ್ತು, ಕುತ್ತಿಗೆಯ ಹತ್ತಿರ ಅಂಗಿ ಸವೆದಿತ್ತು. ಭಟ್ಟರು ಎಲ್ಲಿ ಎಂದು ಇವರನ್ನೇ ಕೇಳೋಣ ಎಂದುಕೊಂಡು, "ಯಾರದಾರ್ರಿ ಒಳಗ?" ಎಂದೆ.

ಅವರು ತಿರುಗದೆ ಹಾಗೇ ಕೂತುಬಿಟ್ಟರು. ಆಮೇಲೆ ಕಿವಿಗೆ ಹಾಕಿದ್ದ ಹೆಡ್‌ಫೋನನ್ನು ನಿಧಾನವಾಗಿ ತೆಗೆದಿಟ್ಟು ಎದ್ದು ಬಂದರು. "ಶಿರಸಿ," ಎಂದರು. ಅದೇ ಹುರುಪಿನ ಧ್ವನಿ, ಬೇರೆ ಯಾರದೋ ಮುಖದಲ್ಲಿ.

ನನಗೆ ಬೈಯಲು ಬರಲಿಲ್ಲ. "ಪಾಸಾತ್ರಿ. ಬೊಂಬಾಯಿಗೆ ಹೊಂಟೇನಿ," ಎಂದೆ.

"ಗೊತ್ತಿದ್ದು. ಕಾಮತರು ಹೇಳಿದ್ರು." ಅವರು ಕೌಂಟರಿನ ಗಿಡ್ಡ ಬಾಗಿಲಿನ ಚಿಲಕ ಹಿಡಿದುಕೊಂಡೇ ನಿಂತಿದ್ದರು. "ನನಗೆ ಅರ್ಜಿ ಹಾಕೂಕೆ ಬತ್ತಿತ್ತಿಲ್ಲೆ ತಂಗಿ. ಮ್ಯಾಟ್ರಿಕ್ ಒಂದೇ ಆದ್ದು. ಮೇಲಿಂದ ನಲವತ್ತೆಂಟು ವರ್ಷ."

"ಮತ್ತ ಹಾಕ್ತೀನಿ ಅಂತ ಯಾಕ ಹೇಳಿದ್ರಿ? ನಾ ಒಬ್ಬಾಕಿ ಅಂತ ಕನಿಕರ ಬಂತೇನ್ರಿ?"

ಅವರು ತಲೆ ಅಲ್ಲಾಡಿಸಿದರು. "ನಿಮಗೆ ಜೊತೆ ಬೇಕು ಅಂತ ಅಲ್ಲ. ನನಗೆ ಬೇಕಾಗಿತ್ತು. ಮನೆಯವಳು ತೀರಿಹೋಗಿ ಆ ಹೊತ್ತಿಗೆ ಇನ್ನೂ ವರ್ಷ ಆಗಿತ್ತಿಲ್ಲೆ. ಮಗಳು ಗಂಡನ ಮನೆಲಿ. ಮಧ್ಯಾಹ್ನ ಈ ಕುರ್ಚಿ ಮೇಲೆ ಕೂತ್ರೆ ಹೊತ್ತೇ ಹೋಗ್ತಿರಲಿಲ್ಲ. ನೀವು ಲೆಕ್ಕ ಕೇಳಿದ್ರಿ. ನಿಜ ಹೇಳಿದ್ರೆ ನೀವು ಬೇರೆಯವರನ್ನು ಹುಡುಕ್ತಿದ್ರಿ." ಸ್ವಲ್ಪ ತಡೆದು, "ಪರೀಕ್ಷೆ ಹತ್ತಿರ ಬಂದ ಹಾಂಗೆ ಹೇಳೂಕೆ ಧೈರ್ಯ ಬರಲಿಲ್ಲೆ," ಎಂದರು.

ಬಸ್ಸಿನ ಹಾರನ್ ಕೇಳಿಸಿತು. ಎರಡು ತಿಂಗಳು ಅವರನ್ನು ಅಷ್ಟು ಸುಮ್ಮನೆ ಕೂರಿಸಿದ್ದೆನಲ್ಲ ಎಂದು ಆಗ ಹೊಳೆಯಿತು. ಅದನ್ನೇ ಹೇಳಲು ಹೊರಟಾಗ ಬೋರ್ಡಿನ ಮೇಲೆ ಟಪ್ಪೆಂದು ತಗಡು ಬಿತ್ತು. ಇಬ್ಬರೂ ಅತ್ತ ನೋಡಿದೆವು.

"ಶಿರಸಿ ಕರೀತಾ ಇದ್ದು," ಎಂದರು. ಹೇಳಿದ ಮೇಲೆ ನನ್ನ ಮುಖ ನೋಡಿದರು.

"ಹೋಗ್ರಿ," ಎಂದೆ.

ಅವರು ಹೋಗಿ ಕೂತು ಪ್ಲಗ್ಗು ಚುಚ್ಚಿದರು. ನನ್ನ ಜಾಗಕ್ಕೆ ಬಂದ ಹುಡುಗಿ ಏನು ಕೇಳಿದಳೋ, ಅವರು ನಂಬರು ಬರೆದುಕೊಂಡು, "ಕೊಡ್ತೆ, ತಡೀರಿ," ಎಂದರು. ಕಂಡಕ್ಟರ್ ಬಾಗಿಲಲ್ಲಿ ನಿಂತು ಕರೆಯುತ್ತಿದ್ದ. ನಾನು ಓಡಿಹೋಗಿ ಬಸ್ಸು ಹತ್ತಿದೆ. ಅಂಚೆ ಕಚೇರಿಯ ಕಡೆಯ ಕಿಟಕಿಗೆ ಕೂತೆ. ಒಳಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಒಂದು ಕೈ ಎತ್ತಿ, ತಿರುಗದೆಯೇ, ಹಾಗೇ ಹಿಡಿದುಕೊಂಡಿದ್ದರು. ನನಗೋ, ಲೈನಿನಲ್ಲಿದ್ದವಳಿಗೆ ತಡಿ ಎಂದೋ, ತಿಳಿಯುವ ಮುಂಚೆ ಬಸ್ಸು ಹೊರಟಿತು.